ಸಿಡಿಲು ದೇವರ ಬಳ್ಳಿ

ಸಂಧಿವಾತ ಇರುವವರಿಗೆ ಔಷಧಿಗಿಂತ ಸಲಹೆ ಹೆಚ್ಚು ಸಿಗುತ್ತದೆ. ನನಗೆ ಈ ಕಾಯಿಲೆ ಶುರುವಾಗಿ ಇಪ್ಪತ್ತು ವರ್ಷವಾಗುತ್ತ ಬಂತು. ಲಕ್ಕಿಸೊಪ್ಪಿನ ಶಾಖ ಕೊಡಿ ಎಂದವರಿದ್ದಾರೆ, ಎಕ್ಕದೆಲೆ ಬಿಸಿ ಮಾಡಿ ಕಟ್ಟಿ ಎಂದವರಿದ್ದಾರೆ. ಮೆಂತ್ಯ ನೆನೆಸಿ ತಿನ್ನಿ, ಬದನೆಕಾಯಿ ಬಿಡಿ, ತಾಮ್ರದ ಬಳೆ ತೊಡಿ ಎಂದವರೂ ಇದ್ದಾರೆ. ಮದುವೆಮನೆಯಲ್ಲಿ ಪಾಯಸದ ಸೌಟು ಹಿಡಿದು ಬಂದವರೂ ನನ್ನ ಬೆರಳು ನೋಡಿ ಒಂದು ಮದ್ದು ಬಡಿಸಿಯೇ ಮುಂದಿನ ಎಲೆಗೆ ಹೋಗುತ್ತಾರೆ. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ದೂರದ ಚೀನಾದಲ್ಲಿಯೂ ನನಗೊಂದು ಮದ್ದು ಕಾದಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ಅದರ ಕಥೆ ಹೇಳುತ್ತೇನೆ. ನನ್ನ ವಯಸ್ಸಿನವರಿಗೂ ಉಪಯೋಗವಾದೀತು, ಅವರ ಔಷಧಿ ಡಬ್ಬಿ ತಂದುಕೊಡುವ ಮೊಮ್ಮಕ್ಕಳಿಗೂ ಆದೀತು.

ಮೊದಲು ಕಾಯಿಲೆಯ ವಿಷಯ. ಮಂಡಿ ಸವೆದು ನೋಯುವುದು ಒಂದು ಬಗೆ, ವಯಸ್ಸಾದ ಮೇಲೆ ಬಹಳ ಜನಕ್ಕೆ ಬರುತ್ತದೆ. ನನ್ನದು ಬೇರೆ. ಇದಕ್ಕೆ ರುಮಟಾಯ್ಡ್ ಸಂಧಿವಾತ ಎನ್ನುತ್ತಾರೆ. ನಮ್ಮ ಮೈಯೊಳಗೆ ರೋಗಾಣುಗಳ ಜತೆ ಹೋರಾಡುವ ಕಾವಲುಪಡೆ ಇದೆಯಲ್ಲ, ಅದು ಕೀಲುಗಳ ಒಳಪದರವನ್ನೇ ಶತ್ರು ಎಂದು ತಿಳಿದು ದಾಳಿ ಮಾಡುತ್ತದೆ. ಕೀಲು ಊದುತ್ತದೆ, ಬಿಸಿಯಾಗುತ್ತದೆ, ಬೆಳಗ್ಗೆ ಎದ್ದ ಮೇಲೆ ಗಂಟೆಗಟ್ಟಲೆ ಬಿಗಿದುಕೊಂಡಿರುತ್ತದೆ. ಹಾಗೇ ಬಿಟ್ಟರೆ ಎಲುಬು ಕೊರೆದು ಬೆರಳುಗಳು ಸೊಟ್ಟಗಾಗುತ್ತವೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚಾಗಿ ಬರುತ್ತದೆ. ಇದು ಮುದುಕರ ಕಾಯಿಲೆ ಎಂದುಕೊಳ್ಳಬೇಡಿ. ಇಪ್ಪತ್ತು ಮೂವತ್ತರ ಪ್ರಾಯದವರಿಗೂ ಬರುತ್ತದೆ. ಮಕ್ಕಳಿಗೆ ಬರುವ ಕೀಲೂತಗಳೂ ಇವೆ.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಮಗ ಕೆಲಸದ ಮೇಲೆ ಶಾಂಘೈಗೆ ಹೋಗಿದ್ದ. 2019ರ ಮೇ ತಿಂಗಳಲ್ಲಿ ಮೂರು ತಿಂಗಳ ಮಟ್ಟಿಗೆ ನಾನೂ ಅಲ್ಲಿಗೆ ಹೋದೆ. ಮಗ ಸೊಸೆ ಬೆಳಗ್ಗೆ ಕೆಲಸಕ್ಕೆ ಹೊರಟರೆ ಬರುವುದು ಸಂಜೆಗೆ. ನನಗೆ ಊರು ತೋರಿಸುವವಳು, ದುಭಾಷಿ, ಕಾವಲುಗಾರ್ತಿ ಎಲ್ಲವೂ ಹನ್ನೊಂದು ವರ್ಷದ ಮೊಮ್ಮಗಳು ಪುಟ್ಟಿ. ಅವಳು ಅಲ್ಲಿನ ಶಾಲೆಯಲ್ಲಿ ಓದುತ್ತಿದ್ದುದರಿಂದ ಚೀನೀ ಭಾಷೆ ನೀರು ಕುಡಿದಷ್ಟು ಸಲೀಸು.

ಅಪಾರ್ಟ್‌ಮೆಂಟಿನ ಕೆಳಗೆ ಒಂದು ಸಣ್ಣ ಉದ್ಯಾನ. ಬೆಳಗ್ಗೆ ಅಲ್ಲಿ ವಯಸ್ಸಾದವರು ನಿಧಾನಕ್ಕೆ ಕೈಕಾಲು ಆಡಿಸುತ್ತ ವ್ಯಾಯಾಮ ಮಾಡುತ್ತಾರೆ. ಒಂದು ದಿನ ನಾನು ಬೆಂಚಿನ ಮೇಲೆ ಕೂತು ಬೆರಳು ನೀವಿಕೊಳ್ಳುತ್ತಿದ್ದೆ. ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಬಂದು ಪಕ್ಕದಲ್ಲಿ ಕೂತರು. ನನ್ನ ಕೈ ನೋಡಿದರು. ಆಮೇಲೆ ತಮ್ಮ ಕೈ ಚಾಚಿ ತೋರಿಸಿದರು. ಅದೇ ಗಂಟು, ಅದೇ ಓರೆಯಾದ ಬೆರಳು! ಇಬ್ಬರಿಗೂ ನಗು ಬಂತು. ಒಂದು ಮಾತೂ ಗೊತ್ತಿಲ್ಲದೆ ಸ್ನೇಹವಾಯಿತು. ಪುಟ್ಟಿ ಅವರನ್ನು ‘ನೈನೈ’ ಎಂದು ಕರೆದಳು. ಹಾಗೆಂದರೆ ಅಲ್ಲಿ ಅಜ್ಜಿ ಎಂದರ್ಥ. ನನಗೂ ಅವರು ನೈನೈಯೇ ಆದರು.

ನೈನೈ ಸಂಧಿವಾತವನ್ನು ‘ಫೆಂಗ್‌ಶಿ’ ಎನ್ನುತ್ತಿದ್ದರು. ಪುಟ್ಟಿಯನ್ನು ಅರ್ಥ ಕೇಳಿದೆ. “ಫೆಂಗ್ ಅಂದ್ರೆ ಗಾಳಿ, ಶಿ ಅಂದ್ರೆ ತೇವ, ಅಜ್ಜಿ” ಎಂದಳು. ನನಗೆ ಮೈ ಜುಂ ಎಂದಿತು. ನಾವೂ ವಾತ, ವಾಯು ಎನ್ನುವುದು ಅದನ್ನೇ ಅಲ್ಲವೇ? ಎರಡು ಸಾವಿರ ವರ್ಷದಷ್ಟು ಹಳೆಯದಾದ ಚೀನಾದ ವೈದ್ಯಗ್ರಂಥದಲ್ಲಿ ಗಾಳಿ, ಚಳಿ, ತೇವ ಮೂರೂ ಸೇರಿ ಮೈಯೊಳಗಿನ ಹರಿವಿಗೆ ತಡೆಯಾದಾಗ ಕೀಲು ನೋಯುತ್ತದೆ ಎಂಬ ವಿವರಣೆ ಇದೆ. ನಮ್ಮ ಆಯುರ್ವೇದದ ಮಾಧವನಿದಾನದಲ್ಲಿ ಆಮವಾತದ ಲಕ್ಷಣಗಳಿವೆ. ಹಿಮಾಲಯದ ಆಚೆಗೂ ಈಚೆಗೂ ಹಿರಿಯರು ಕೀಲಿನ ನೋವಿಗೆ ಗಾಳಿಯನ್ನೇ ದೂರಿದ್ದಾರೆ. ಮೈಯ ಕಾವಲುಪಡೆಯ ವಿಚಾರ ತಿಳಿದದ್ದು ಬಹಳ ಈಚೆಗೆ. ಆದರೆ ಆ ಕಾಲದವರು ನೋವನ್ನು ಗಮನವಿಟ್ಟು ನೋಡಿದ್ದರು ಎಂಬುದರಲ್ಲಿ ಸಂಶಯವಿಲ್ಲ.

ಜೂನ್ ಮೊದಲ ವಾರ ಅಲ್ಲಿ ದೋಣಿ ಹಬ್ಬ. ಮನೆಗಳ ಬಾಗಿಲಿಗೆ ನಾವು ಮಾವಿನ ತೋರಣ ಕಟ್ಟಿದ ಹಾಗೆ ಎರಡು ಬಗೆಯ ಗಿಡದ ಕಟ್ಟು ಸಿಕ್ಕಿಸುತ್ತಾರೆ. ಮೂಸಿ ನೋಡಿದೆ. ಒಂದು ನಮ್ಮ ಬಜೆಯೇ! ಕೂಸುಗಳಿಗೆ ತೇಯ್ದು ನೆಕ್ಕಿಸುವ ಅದೇ ಬಜೆ. ಇನ್ನೊಂದು ದವನದ ಹತ್ತಿರದ ನೆಂಟ. ಈ ಎರಡನೆಯ ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಸುರುಳಿ ಕಟ್ಟಿ ಹೊತ್ತಿಸಿ ನೋಯುವ ಕೀಲಿನ ಹತ್ತಿರ ಶಾಖ ಕೊಡುವುದು ಚೀನೀ ವೈದ್ಯದ ಒಂದು ಕ್ರಮ. ಮಲೇರಿಯಾಕ್ಕೆ ಔಷಧ ಕಂಡುಹಿಡಿದು 2015ರಲ್ಲಿ ನೊಬೆಲ್ ಬಹುಮಾನ ಪಡೆದ ತು ಯೂಯೂ ಎಂಬ ಚೀನಾದ ವಿಜ್ಞಾನಿ ಅದನ್ನು ತೆಗೆದದ್ದೂ ಇದೇ ಕುಟುಂಬದ ಇನ್ನೊಂದು ಗಿಡದಿಂದ. ಹಳೆಯ ಗ್ರಂಥದಲ್ಲಿದ್ದ ಸುಳಿವು ಹಿಡಿದು ಅವರು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ದುಡಿದರು.

ಜೂನ್ ನಡುವಿನಿಂದ ಶಾಂಘೈಯಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ನಮ್ಮ ಆಗುಂಬೆ ಮಳೆಯ ಅಬ್ಬರ ಅದಕ್ಕಿಲ್ಲ, ಆದರೆ ಒಗೆದ ಬಟ್ಟೆ ಒಣಗುವುದಿಲ್ಲ. ನನ್ನ ಬೆರಳು ಕಿರಿಕಿರಿ ಶುರು ಮಾಡಿದವು. ನೈನೈ ಮಾತ್ರ ಆರಾಮಾಗಿ ತರಕಾರಿ ಚೀಲ ಹಿಡಿದು ಬರುತ್ತಿದ್ದರು. ಏನು ತೆಗೆದುಕೊಳ್ಳುತ್ತೀರಿ ಎಂದು ಪುಟ್ಟಿಯಿಂದ ಕೇಳಿಸಿದೆ. ಅವರು ಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದು ತೋರಿಸಿದರು. ಪುಟ್ಟಿ ಅದರ ಮೇಲಿದ್ದ ಅಕ್ಷರಗಳನ್ನು ಒಂದೊಂದಾಗಿ ಓದಿದಳು. “ಲೇ ಅಂದ್ರೆ ಸಿಡಿಲು. ಲೇ-ಗೊಂಗ್ ಅಂದ್ರೆ ಸಿಡಿಲಿನ ದೇವರು. ಥಂಗ್ ಅಂದ್ರೆ ಬಳ್ಳಿ.” ಸಿಡಿಲು ದೇವರ ಬಳ್ಳಿ! ಹೆಸರೇ ನನ್ನನ್ನು ಹಿಡಿದುಬಿಟ್ಟಿತು.

ಆ ರಾತ್ರಿ ಊರಿನಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದಾಗ ಈ ಸುದ್ದಿ ಹೇಳಿದೆ. ಅವಳ ದನಿ ಬದಲಾಯಿತು. ಅವಳ ಮಗಳಿಗೆ ಇಪ್ಪತ್ನಾಲ್ಕು ವರ್ಷ. ಮೂರು ತಿಂಗಳ ಹಿಂದೆ ಆ ಹುಡುಗಿಗೂ ಇದೇ ಕಾಯಿಲೆ ಎಂದು ಗೊತ್ತಾಗಿತ್ತು. ಅಷ್ಟರಲ್ಲಾಗಲೇ ಮದುವೆ ನಿಶ್ಚಯವಾಗಿತ್ತು. ಮನೆಯಲ್ಲಿ ಯಾರಿಗೂ ಹೇಳಬೇಡಿ ಎಂಬ ಗುಟ್ಟು.

“ಅಕ್ಕಾ, ಬರ್ತಾ ಆ ಬಳ್ಳಿ ಮಾತ್ರೆ ಒಂದು ಆರು ತಿಂಗಳಿಗಾಗುವಷ್ಟು ತಗಂಡು ಬಾ ಮಾರಾಯ್ತಿ. ಗಿಡದ್ದಲ್ವಾ, ಏನೂ ಆಗಲ್ಲ. ಇಂಗ್ಲಿಷ್ ಮದ್ದು ಶುರು ಮಾಡಿದ್ರೆ ಹುಡುಗನ ಮನೆಯವರಿಗೆ ಗೊತ್ತಾಗತ್ತೆ” ಎಂದಳು.

ತಾಯಿಯ ಸಂಕಟ ನನಗೆ ಅರ್ಥವಾಗುವಂಥದ್ದು. ವಿಚಾರಿಸಿ ಹೇಳುತ್ತೇನೆ ಎಂದೆ.

ಮುಂದಿನ ವಾರ ನೈನೈ ಆಸ್ಪತ್ರೆಗೆ ಹೊರಟಾಗ ನಾನೂ ಪುಟ್ಟಿಯೂ ಜತೆಗೆ ಹೋದೆವು. ಅದು ಚೀನೀ ವೈದ್ಯದ ದೊಡ್ಡ ಆಸ್ಪತ್ರೆ. ಕೆಳಗಿನ ಮಹಡಿಯಲ್ಲಿ ಔಷಧಿ ಕೊಡುವ ಜಾಗ. ಗೋಡೆ ತುಂಬ ಸಣ್ಣ ಸಣ್ಣ ಮರದ ಖಾನೆಗಳು, ಪುಟ್ಟ ತಕ್ಕಡಿ, ಒಣಬೇರುಗಳ ವಾಸನೆ. ಚಿಕ್ಕಂದಿನಲ್ಲಿ ಅಪ್ಪನ ಕೈ ಹಿಡಿದು ಹೋಗುತ್ತಿದ್ದ ಗ್ರಂಧಿಗೆ ಅಂಗಡಿ ನೆನಪಾಯಿತು. ಒಂದು ಬದಲಾವಣೆ ಎಂದರೆ ಕಷಾಯವನ್ನು ಯಂತ್ರದಲ್ಲೇ ಕುದಿಸಿ, ನಮ್ಮಲ್ಲಿ ಹಾಲು ಬರುವಂತೆ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕಟ್ಟಿಕೊಡುತ್ತಿದ್ದರು.

ನಾನು ಅಂದುಕೊಂಡಿದ್ದಕ್ಕಿಂತ ಬೇರೆಯಾಗಿದ್ದದ್ದು ಮೇಲಿನ ಮಹಡಿ. ಅಲ್ಲಿ ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲವೂ ಇದ್ದವು. ವೈದ್ಯೆ ನೈನೈಯ ನಾಡಿ ಹಿಡಿದರು, ನಾಲಿಗೆ ನೋಡಿದರು. ಅದಾದ ಮೇಲೆ ಕಂಪ್ಯೂಟರಿನಲ್ಲಿ ರಕ್ತದ ವರದಿ ತೆರೆದರು. ಯಕೃತ್ತಿನ ಒಂದು ಲೆಕ್ಕ ತುಸು ಮೇಲೇರಿದೆ ಎಂದು ಬಳ್ಳಿಯ ಮಾತ್ರೆಯನ್ನು ಕಡಿಮೆ ಮಾಡಿ, ತಿಂಗಳು ಬಿಟ್ಟು ಮತ್ತೆ ರಕ್ತ ಕೊಡಲು ಹೇಳಿದರು. ಚೀಟಿಯಲ್ಲಿ ಇನ್ನೊಂದು ಔಷಧವೂ ಇತ್ತು. ಅದೇನೆಂದು ವಿಚಾರಿಸಿದರೆ ಮೆಥೊಟ್ರೆಕ್ಸೇಟ್! ಊರಿನಲ್ಲಿ ನಾನು ವಾರಕ್ಕೊಮ್ಮೆ ನುಂಗುವ ಮಾತ್ರೆಯೇ. ನಾವಿಲ್ಲಿ ಹಳ್ಳಿ ಮದ್ದು, ಇಂಗ್ಲಿಷ್ ಮದ್ದು ಎಂದು ಎರಡು ಪಕ್ಷ ಕಟ್ಟಿಕೊಂಡು ಜಗಳಾಡುತ್ತೇವೆ. ಅಲ್ಲಿ ಎರಡೂ ಒಂದೇ ಚೀಟಿಯಲ್ಲಿದ್ದವು.

ಅಲ್ಲಿನ ಡಾಕ್ಟರ ಕೋಣೆಯಲ್ಲಿ ಒಬ್ಬೊಬ್ಬರೇ ಒಳಗೆ ಹೋಗುವ ಪದ್ಧತಿ ಅಷ್ಟಾಗಿ ಇಲ್ಲ. ನಮ್ಮ ಹಿಂದೆಯೇ ಒಬ್ಬ ಎಳೆಯ ಹೆಂಗಸು ಬಂದು ನಿಂತಿದ್ದಳು. ಆಕೆಯ ಸರದಿ ಬಂದಾಗ ನನಗೂ ಅದೇ ಬಳ್ಳಿಯ ಮಾತ್ರೆ ಕೊಡಿ ಎಂದಳು. ವೈದ್ಯೆ ತಲೆ ಎತ್ತಿ ಒಂದು ಪ್ರಶ್ನೆ ಕೇಳಿದರು. ಪುಟ್ಟಿ ನನ್ನ ಕಿವಿಯಲ್ಲಿ ಹೇಳಿದಳು: “ಮುಂದೆ ಮಕ್ಕಳು ಬೇಕಾ ಅಂತ ಕೇಳ್ತಿದ್ದಾರೆ ಅಜ್ಜಿ. ಬೇಕು ಅಂದ್ರೆ ಈ ಮಾತ್ರೆ ಕೊಡಲ್ವಂತೆ.”

ನನಗೆ ಊರಿನ ಹುಡುಗಿಯ ಮುಖ ಕಣ್ಣ ಮುಂದೆ ಬಂತು. ಪುಟ್ಟಿಯ ಮೂಲಕ ಅವಳ ವಿಷಯ ಕೇಳಿದೆ. ವೈದ್ಯೆ ತಾಳ್ಮೆಯಿಂದ ಉತ್ತರಿಸಿದರು. ನೋಡದ ರೋಗಿಗೆ ಮಾತ್ರೆ ಕೊಡುವುದಿಲ್ಲ. ಮದುವೆಯಾಗುವ ಹುಡುಗಿಗಂತೂ ಈ ಬಳ್ಳಿ ಬೇಡವೇ ಬೇಡ. ಊರಿನಲ್ಲೇ ಕೀಲಿನ ತಜ್ಞರಿಗೆ ಬೇಗ ತೋರಿಸಲಿ, ತಡ ಮಾಡಿದಷ್ಟೂ ಎಲುಬಿಗೆ ಕೇಡು. ಇಷ್ಟು ಹೇಳಿ ನನ್ನ ಕೈಯನ್ನೂ ಹಿಡಿದು ನೋಡಿ, ನಿಮ್ಮ ಮಾತ್ರೆ ನಿಲ್ಲಿಸಬೇಡಿ ಎಂದು ಕಳಿಸಿದರು.

ಮನೆಗೆ ಬಂದು ಮಗನ ಸಹಾಯದಿಂದ ಆ ಬಳ್ಳಿಯ ಜಾತಕ ತೆಗೆದೆ. ಮೇಷ್ಟರಾಗಿದ್ದವರ ಚಪಲ! ದಕ್ಷಿಣ ಚೀನಾದ ಗುಡ್ಡಗಳಲ್ಲಿ ಬೆಳೆಯುವ ಗಿಡ ಅದು. ರೈತರು ಬಹಳ ಹಿಂದಿನಿಂದ ಅದರ ಪುಡಿಯನ್ನು ತರಕಾರಿಯ ಹುಳ ಕೊಲ್ಲಲು ಬಳಸುತ್ತಿದ್ದರು. ಎಲೆ, ಚಿಗುರು, ಬೇರಿನ ತೊಗಟೆ ಎಲ್ಲವೂ ವಿಷ. ಅದರ ಹೂವಿನಿಂದ ಜೇನುಹುಳ ತಂದ ಜೇನು ತಿಂದು ಸತ್ತವರಿದ್ದಾರೆ. ಮದ್ದಿಗೆ ಬಳಸುವುದು ತೊಗಟೆ ಹೆರೆದು ತೆಗೆದ ಬೇರಿನ ಒಳತಿರುಳನ್ನು. 1960ರ ದಶಕದ ಕೊನೆಯಿಂದ ಅಲ್ಲಿನ ವೈದ್ಯರು ಅದನ್ನು ಸಂಧಿವಾತಕ್ಕೆ ಪ್ರಯೋಗಿಸಿ ನೋಡತೊಡಗಿದರು. ಆಮೇಲೆ ತಿರುಳಿನ ಸಾರ ತೆಗೆದು, ಅಳತೆ ಕಟ್ಟಿ ಮಾತ್ರೆ ಮಾಡಿದರು.

ಅದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಬೀಜಿಂಗಿನ ವೈದ್ಯರು ಮುಂದಾಗಿ ನಡೆಸಿದ ಒಂದು ಪರೀಕ್ಷೆ 2014ರಲ್ಲಿ ಪ್ರಕಟವಾಯಿತು. 207 ರೋಗಿಗಳನ್ನು ಮೂರು ಸಮ ಗುಂಪು ಮಾಡಿ, ಒಂದು ಗುಂಪಿಗೆ ಮೆಥೊಟ್ರೆಕ್ಸೇಟ್, ಇನ್ನೊಂದಕ್ಕೆ ಬಳ್ಳಿಯ ಸಾರ, ಮೂರನೆಯದಕ್ಕೆ ಎರಡನ್ನೂ ಕೊಟ್ಟರು. 24 ವಾರಗಳ ನಂತರ ನೋಡಿದರೆ, ಕಾಯಿಲೆ ಅರ್ಧಕ್ಕರ್ಧ ತಗ್ಗಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 46, ಎರಡನೆಯದರಲ್ಲಿ 55, ಮೂರನೆಯದರಲ್ಲಿ 77 ಜನ. ಯಾರಿಗೆ ಯಾವ ಮದ್ದು ಎಂಬುದು ರೋಗಿಗಳಿಗೆ ಗೊತ್ತಿತ್ತು, ಅವಧಿಯೂ ಚಿಕ್ಕದು. ಆದ್ದರಿಂದ ಇದೊಂದರಿಂದಲೇ ಗೆದ್ದೆವು ಎನ್ನುವಂತಿಲ್ಲ. ಆದರೂ ಬಳ್ಳಿಯಲ್ಲಿ ಸತ್ವ ಇದೆ ಎಂಬುದು ನಿಜ.

ಆ ಸತ್ವವೇ ಅದರ ಅಪಾಯ. ಕೀಲಿನ ಮೇಲೆ ಎರಗುವ ಕಾವಲುಪಡೆಯನ್ನು ಅಡಗಿಸುವ ಅದೇ ವಸ್ತು ಯಕೃತ್ತು, ಮೂತ್ರಪಿಂಡ, ರಕ್ತಕಣಗಳಿಗೂ ಪೆಟ್ಟು ಕೊಡಬಲ್ಲದು. ಹೆಂಗಸರಲ್ಲಿ ಮುಟ್ಟು ನಿಲ್ಲಿಸಬಲ್ಲದು, ಗಂಡಸರಲ್ಲಿಯೂ ಸಂತಾನಶಕ್ತಿ ಕುಗ್ಗಿಸಬಲ್ಲದು. 2012ರಲ್ಲಿ ಚೀನಾದ ಸರ್ಕಾರವೇ ಮಕ್ಕಳಿಗೂ, ಮುಂದೆ ಮಗು ಬೇಕೆನ್ನುವ ಪ್ರಾಯದವರಿಗೂ ಈ ಮಾತ್ರೆ ಕೊಡಬಾರದು ಎಂದು ಎಚ್ಚರಿಸಿತು. ಎಪ್ಪತ್ತು ದಾಟಿದ ನೈನೈಗೆ ಸರಿಹೋದದ್ದು ಇಪ್ಪತ್ನಾಲ್ಕರ ಹುಡುಗಿಗೆ ಕೇಡಾಗುತ್ತಿತ್ತು.

ಹಾಗೆಂದು ನನ್ನ ಇಂಗ್ಲಿಷ್ ಮಾತ್ರೆ ಅಮೃತವೇನಲ್ಲ. ಮೆಥೊಟ್ರೆಕ್ಸೇಟಿನ ಹಿಂದೆ ಒಬ್ಬ ಭಾರತೀಯರಿದ್ದಾರೆ ಎಂಬುದು ನಿಮಗೆ ಗೊತ್ತೇ? ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ಯಲ್ಲಾಪ್ರಗಡ ಸುಬ್ಬರಾವ್. ಅವರ ನೇತೃತ್ವದ ತಂಡ 1940ರ ದಶಕದಲ್ಲಿ ರಕ್ತದ ಕ್ಯಾನ್ಸರಿಗಾಗಿ ತಯಾರಿಸಿದ ಔಷಧಗಳಲ್ಲಿ ಇದೂ ಒಂದು. ಬಹಳ ಸಣ್ಣ ಅಳತೆಯಲ್ಲಿ, ವಾರಕ್ಕೊಮ್ಮೆ ಕೊಟ್ಟರೆ ಸಂಧಿವಾತಕ್ಕೆ ಒಳ್ಳೆಯದು ಎಂದು ಆಮೇಲೆ ತಿಳಿಯಿತು. 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇದನ್ನೂ ಬಸುರಿಯರಿಗೆ ಕೊಡುವಂತಿಲ್ಲ. ವಾರಕ್ಕೊಮ್ಮೆ ನುಂಗುವುದನ್ನು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ನಾನೂ ನೈನೈಯ ಹಾಗೆಯೇ ಆಗಾಗ ರಕ್ತ ಕೊಡುತ್ತೇನೆ. ಗಿಡದಿಂದ ಬಂದದ್ದಿರಲಿ, ಕಾರ್ಖಾನೆಯಿಂದ ಬಂದದ್ದಿರಲಿ, ಕೀಲಿನ ಬೆಂಕಿ ಆರಿಸುವಷ್ಟು ಬಲವಿರುವ ಮದ್ದಿಗೆ ಕಾವಲು ಬೇಕೇ ಬೇಕು.

ಕಾವಲಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಲ್ಜಿಯಂ ದೇಶದ ಕಥೆ ಇದೆ. ಚೀನೀ ವೈದ್ಯದಲ್ಲಿ ಊತ, ಕೀಲುನೋವುಗಳಿಗೆ ‘ಫಾಂಗ್‌ಜಿ’ ಎಂಬ ಬೇರು ಕೊಡುತ್ತಾರೆ. ಇದೇ ಹೆಸರಿನ ಎರಡು ಬೇರುಗಳಿದ್ದವು. 1990ರ ದಶಕದ ಆರಂಭದಲ್ಲಿ ಅಲ್ಲಿ ತೂಕ ಇಳಿಸುವ ಮಾತ್ರೆಯಲ್ಲಿ ಒಂದರ ಬದಲು ಇನ್ನೊಂದು ಸೇರಿಹೋಯಿತು. ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಕೆಟ್ಟಿತು. ಆ ವಿಷದ ಬೇರು ನಮ್ಮ ಮಲೆನಾಡಿನ ಈಶ್ವರಿ ಬಳ್ಳಿಯ ದಾಯಾದಿ. ಈಶ್ವರಿ ಬಳ್ಳಿಯಲ್ಲಿಯೂ ಅದೇ ವಿಷವಿದೆ. ಮಕ್ಕಳೇ, ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಇಂಥ ಬಳ್ಳಿಗಳ ಮೇಲೆಯೇ. ಅದರ ಹುಳು ಎಲೆ ತಿಂದು ವಿಷವನ್ನು ಮೈಯಲ್ಲಿ ಸೇರಿಸಿಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ಹುಳುವಿಗೆ ರಕ್ಷೆ, ಮನುಷ್ಯನಿಗೆ ಕೇಡು. ಕಾಡಿನದೆಲ್ಲ ನಿರಪಾಯ ಎಂದು ಕಾಡು ಎಂದೂ ಹೇಳಿಲ್ಲ, ಹೇಳುವವರು ನಾವು.

ಆಗಸ್ಟಿನಲ್ಲಿ ಊರಿಗೆ ಮರಳಿದೆ. ಚಿಕ್ಕಮ್ಮನ ಮಗಳು ಮಾತ್ರೆಗಾಗಿ ಕಾದಿದ್ದಳು. ನಾನು ತಂದದ್ದು ಒಂದು ರೇಷ್ಮೆ ಶಾಲು ಮತ್ತು ಬಳ್ಳಿಯ ವಿಷಯ ಬರೆದುಕೊಂಡ ಎರಡು ಹಾಳೆ. ಅವಳು ಮುಖ ಗಂಟು ಹಾಕಿಕೊಂಡು ಹದಿನೈದು ದಿನ ನನ್ನ ಜತೆ ಮಾತಾಡಲಿಲ್ಲ. ಆದರೆ ಹಾಳೆಗಳನ್ನು ಮಗಳು ಓದಿದ್ದಳು. ಅವಳೇ ಫೋನ್ ಮಾಡಿದಳು. “ದೊಡ್ಡಮ್ಮ, ಮುಚ್ಚಿಟ್ಟು ನುಂಗೋ ಮದ್ದು ನಂಗೆ ಬೇಡ. ನೀವು ಜತೆಗೆ ಬರ್ತೀರಾ?” ಎಂದಳು.

ಶಿವಮೊಗ್ಗದಲ್ಲಿ ಕೀಲಿನ ತಜ್ಞರಿಗೆ ತೋರಿಸಿದೆವು. ಮದುವೆಯ ವಿಷಯ ಕೇಳಿಕೊಂಡು, ಮುಂದೆ ಮಗು ಬಯಸುವವರೂ ತೆಗೆದುಕೊಳ್ಳಬಹುದಾದ ಬೇರೆ ಔಷಧಗಳನ್ನು ಅವರು ಬರೆದುಕೊಟ್ಟರು. ಹುಡುಗನಿಗೆ ವಿಷಯವನ್ನು ಅವಳೇ ತಿಳಿಸಿದಳು. ಆ ವಾರ ಅವಳ ತಾಯಿಗೆ ಊಟ ಸೇರಲಿಲ್ಲ, ನನಗೆ ನಿದ್ದೆ ಬರಲಿಲ್ಲ. ಮದುವೆ ಆರು ತಿಂಗಳು ಮುಂದಕ್ಕೆ ಹೋಯಿತು, ನಿಂತುಹೋಗಲಿಲ್ಲ. ಬೆರಳಿನ ಊತ ನಿಧಾನಕ್ಕೆ ಇಳಿಯಿತು. ಈಗಲೂ ಮಳೆಗಾಲದಲ್ಲಿ ಒಂದಿಷ್ಟು ಕಾಟ ಇದೆ, ಆದರೆ ಎರಡೂ ಕೈಯಲ್ಲಿ ಹಿಟ್ಟು ನಾದುತ್ತಾಳೆ.

ಲಕ್ಕಿಸೊಪ್ಪಿನ ಶಾಖವನ್ನು ನಾನು ಬಿಟ್ಟಿಲ್ಲ. ಹಾಯೆನಿಸುತ್ತದೆ, ಅಷ್ಟರಮಟ್ಟಿಗೆ ಅದು ನನ್ನ ಗೆಳತಿ. ನೈನೈ ಹೊತ್ತಿಸಿಕೊಳ್ಳುತ್ತಿದ್ದ ದವನದ ನೆಂಟನೂ ಹಾಗೆಯೇ. ಆದರೆ ಹೊಟ್ಟೆಗೆ ಹೋಗುವ ಮದ್ದಿಗೆ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಇದರೊಳಗೆ ಏನೇನಿದೆ? ನನಗೆ ಎಷ್ಟು, ಎಷ್ಟು ದಿನಕ್ಕೊಮ್ಮೆ? ನನ್ನ ರಕ್ತವನ್ನು ಪರೀಕ್ಷಿಸಿ ನೋಡುವವರು ಯಾರು? ಮೂರಕ್ಕೂ ಉತ್ತರವಿಲ್ಲದ ಪೊಟ್ಟಣ ಕಾಶಿಯಿಂದ ಬರಲಿ, ಚೀನಾದಿಂದ ಬರಲಿ, ಪಕ್ಕದ ಬೀದಿಯಿಂದಲೇ ಬರಲಿ, ನನ್ನ ಬಾಯಿಗೆ ಹೋಗುವುದಿಲ್ಲ. ಕೀಲುನೋವಿಗೆಂದು ಮಾರುವ ಹೆಸರಿಲ್ಲದ ಗಿಡಮೂಲಿಕೆ ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಮೊದಲ ವಾರವೇ ನೋವು ಮಾಯವಾದರೆ ಖುಷಿಪಡುವ ಮೊದಲು ಸಂಶಯಪಡಬೇಕು.

ಮೊಮ್ಮಕ್ಕಳೇ, ಇದರಲ್ಲಿ ನಿಮ್ಮ ಪಾಲಿನ ಕೆಲಸವೂ ಇದೆ. ನಿಮ್ಮ ಕಣ್ಣು ಚುರುಕು, ನಮ್ಮದು ಮಂಜು. ಮಾತ್ರೆಯ ಹಾಳೆಯ ಹಿಂದಿನ ಇರುವೆಯಂಥ ಅಕ್ಷರಗಳನ್ನು ಅಜ್ಜ ಅಜ್ಜಿಗೆ ಓದಿ ಹೇಳಿ. ವಾರಕ್ಕೊಮ್ಮೆ ನುಂಗುವ ಮಾತ್ರೆ ಇದ್ದರೆ ಆ ವಾರಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿ. ಯಾರಾದರೂ ಹೊಸ ಪೊಟ್ಟಣ ತಂದುಕೊಟ್ಟರೆ ಆ ಮೂರು ಪ್ರಶ್ನೆಗಳನ್ನು ಜೋರಾಗಿ ಕೇಳಿ. ದೊಡ್ಡವರ ಮಧ್ಯೆ ಬಾಯಿ ಹಾಕಬೇಡ ಎಂದು ಯಾರಾದರೂ ಗದರಿಸಿದರೆ, ತೀರ್ಥಹಳ್ಳಿಯ ಒಬ್ಬ ಅಜ್ಜಿ ಕೇಳಲು ಹೇಳಿದ್ದಾರೆ ಎನ್ನಿ.